ಗೋಲ್ಡನ್ ಮೆಲೊಡಿ ಪ್ರಶಸ್ತಿ: ತುಮಕೂರಲ್ಲಿ ಕೂತು ಲೈವ್ ನೋಡೋದು ಹೇಗೆ?

ತುಮಕೂರು_ಕೇಳುಗ:
ತೈವಾನಿನ ಗೋಲ್ಡನ್ ಮೆಲೊಡಿ ಸಂಗೀತ ಪ್ರಶಸ್ತಿ ಸಮಾರಂಭನ ಈ ಸಲ ಹಾಸ್ಟೆಲ್ ರೂಮಲ್ಲಿ ಏಳೆಂಟು ಜನ ಸೇರಿ ಲೈವ್ ನೋಡೋಣ ಅಂತಿದೀವಿ. ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್ ಒಂದೇ ಗತಿ. ನಮ್ಮ ಟೈಮಿಗೆ ಎಷ್ಟು ಗಂಟೆಗೆ ಶುರು? ಡೇಟಾ ಎಷ್ಟು ಬೇಕು? ‘ವರ್ಷದ ಆಲ್ಬಮ್’, ‘ಅತ್ಯುತ್ತಮ ಮ್ಯಾಂಡರಿನ್ (ಚೀನೀ ಭಾಷೆ) ಆಲ್ಬಮ್’ ಅಂತ ಎರಡೆರಡು ಯಾಕಿದೆ? ಈ ವರ್ಷ ಜನವರಿಯಲ್ಲಿ ಬಂದ ಒಳ್ಳೇ ಆಲ್ಬಮ್ ಪಟ್ಟಿಯಲ್ಲೇ ಇಲ್ಲ, ಅದ್ಯಾಕೆ?

ಕೋಲಾರದವಳು:
ಮೊದಲು ಟೈಮಿನ ವಿಷಯ. ತೈವಾನಿನ ರಾಜಧಾನಿ ತೈಪೆ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಸಾಮಾನ್ಯವಾಗಿ ಜೂನ್ ಕೊನೆಯ ಶನಿವಾರದ ಆಸುಪಾಸು, ಅಲ್ಲಿನ ಸಂಜೆ 7ಕ್ಕೆ ಶುರು. ಅಂದ್ರೆ ನಮಗೆ ಸಂಜೆ ನಾಲ್ಕೂವರೆ. ನಾಲ್ಕು ಗಂಟೆ ಹೊತ್ತಾದರೂ ನಡೆಯುತ್ತೆ, ಹಾಸ್ಟೆಲ್ ಊಟದ ಟೈಮ್ ನೋಡ್ಕೊಳ್ಳಿ. ರೆಡ್ ಕಾರ್ಪೆಟ್ ಅದಕ್ಕೂ ಮೊದಲೇ ಶುರುವಾಗುತ್ತೆ, ಅದು ಬಟ್ಟೆ ನೋಡೋರಿಗೆ. ತಾರೀಖು ಮಾತ್ರ ಪ್ರತಿ ವರ್ಷ ಖಚಿತ ಮಾಡ್ಕೊಳ್ಳಿ. ಕೋವಿಡ್‌ನಿಂದ 2020ರದ್ದು ಅಕ್ಟೋಬರ್‌ಗೆ ಹೋಗಿತ್ತು, 2021ರದ್ದು ಆಗಸ್ಟ್‌ಗೆ.

ಡೇಟಾ: ಯೂಟ್ಯೂಬ್‌ನಲ್ಲಿ 480ಪಿ ಇಟ್ರೆ ಗಂಟೆಗೆ ಸುಮಾರು ಅರ್ಧ ಜಿಬಿ, 1080ಪಿ ಆದ್ರೆ ಎರಡೂವರೆ ಜಿಬಿ ದಾಟಬಹುದು. ದಿನಕ್ಕೆ 2 ಜಿಬಿ ಪ್ಲಾನ್ 480ಪಿಗೂ ಅಂಚಿಗೆ ಬಂದು ನಿಲ್ಲುತ್ತೆ. ಇಬ್ಬರ ಸಿಮ್ ರೆಡಿ ಇಟ್ಕೊಂಡು ಮಧ್ಯದಲ್ಲಿ ಬದಲಾಯಿಸಿ. ಕ್ವಾಲಿಟಿನ ‘ಆಟೋ’ದಲ್ಲಿ ಬಿಡಬೇಡಿ. ಸಿಗ್ನಲ್ ಚೆನ್ನಾಗಿದ್ದಷ್ಟು ಹೊತ್ತು ಅದೇ ಮೇಲಕ್ಕೇರಿ ಡೇಟಾ ನುಂಗಿಬಿಡುತ್ತೆ, ನೀವು ನೋಡೋಷ್ಟರಲ್ಲಿ ಖಾಲಿ. ಫೋನನ್ನ ಕಿಟಕಿ ಹತ್ತಿರ ಇಟ್ಟು ಚಾರ್ಜರ್ ಹಾಕಿಬಿಡಿ. ಹಾಟ್‌ಸ್ಪಾಟ್ ಹಾಕಿದ ಫೋನ್ ಬಿಸಿಯಾದ್ರೆ ಸ್ಪೀಡ್ ಇಳಿಯುತ್ತೆ, ಅದಕ್ಕೇ ದಪ್ಪ ಕವರ್ ತೆಗೆದಿಡಿ.

ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಟಿಟಿವಿ ಚಾನೆಲ್ ಪ್ರಸಾರ ಮಾಡ್ತಿದೆ. ಲೈವ್ ಲಿಂಕ್‌ನ ಸಮಾರಂಭದ ಅಧಿಕೃತ ಪುಟದಿಂದಲೇ ತಗೊಳ್ಳಿ. ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಹಳೇ ವಿಡಿಯೊಗೆ ‘ಲೈವ್’ ಅಂತ ಹೆಸರಿಟ್ಟ ಡುಪ್ಲಿಕೇಟ್‌ಗಳೂ ಸಿಗ್ತವೆ. ಸಬ್‌ಟೈಟಲ್ ಮೇಲೆ ಆಸೆ ಬೇಡ. ಆಮೇಲೆ ನೋಡ್ಕೊಂಡ್ರಾಯ್ತು ಅಂತಾನೂ ಬಿಡಬೇಡಿ, ಹಾಡುಗಳ ಹಕ್ಕಿನ ಕಾರಣಕ್ಕೆ ಪೂರ್ತಿ ವಿಡಿಯೊ ಉಳಿಯುತ್ತೆ ಅನ್ನೋ ಭರವಸೆ ಇಲ್ಲ.

ಹಳೇ_ಕ್ಯಾಸೆಟ್ (ಚಿಕ್ಕಬಳ್ಳಾಪುರ):
ಜನವರಿ ಪ್ರಶ್ನೆ ಸುಲಭ. ಹಿಂದಿನ ವರ್ಷ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಬಿಡುಗಡೆಯಾದದ್ದನ್ನಷ್ಟೇ ಪರಿಗಣಿಸ್ತಾರೆ. ತೈವಾನಿನ ಗಾಯಕಿ ಜೋಲಿನ್ ತ್ಸಾಯ್ ಅವರ ‘ಅಗ್ಲಿ ಬ್ಯೂಟಿ’ 2018ರ ಡಿಸೆಂಬರ್ 26ಕ್ಕೆ ಬಂತು, ಆರೇ ತಿಂಗಳಲ್ಲಿ 2019ರ ‘ವರ್ಷದ ಆಲ್ಬಮ್’ ಆಯ್ತು. ಅದೇ ಒಂದು ವಾರ ತಡವಾಗಿದ್ದಿದ್ರೆ 2020ರ ತನಕ ಕಾಯಬೇಕಿತ್ತು. ನಿಮ್ಮ ಜನವರಿ ಆಲ್ಬಮ್ ಮುಂದಿನ ವರ್ಷದ ಪಟ್ಟಿಯಲ್ಲಿ ಹುಡುಕಿ.

ಎರಡು ಆಲ್ಬಮ್ ಪ್ರಶಸ್ತಿ ಯಾಕೆ ಅಂದ್ರೆ, ಇದನ್ನ ಬರೀ ಮ್ಯಾಂಡರಿನ್ ಪ್ರಶಸ್ತಿ ಅಂತ ಕರೆಯೋದೇ ಅರ್ಧ ಸತ್ಯ. 1990ರಲ್ಲಿ ತೈವಾನ್ ಸರ್ಕಾರವೇ ಶುರು ಮಾಡಿದ್ದು, ಈಗ ಸಂಸ್ಕೃತಿ ಸಚಿವಾಲಯದ ಕೈಲಿದೆ. ನಮ್ಮ ಕೋಲಾರದ ಕಡೆ ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಕೇಳಿಸೋ ಹಾಗೆ ಅಲ್ಲಿ ಮ್ಯಾಂಡರಿನ್, ತೈವಾನೀಸ್, ಹಕ್ಕಾ, ಮೂಲನಿವಾಸಿಗಳ ಭಾಷೆಗಳು ಎಲ್ಲಾ ಇವೆ. ಒಂದೊಂದಕ್ಕೂ ಆಲ್ಬಮ್ ಪ್ರಶಸ್ತಿ ಬೇರೆ. ‘ವರ್ಷದ ಆಲ್ಬಮ್’ಗೆ ಈ ಎಲ್ಲ ಭಾಷೆಯವೂ ಒಂದೇ ಕಣದಲ್ಲಿ. 2020ರಲ್ಲಿ ಅದನ್ನ ಗೆದ್ದಿದ್ದು ಮ್ಯಾಂಡರಿನ್ ಅಲ್ಲ, ಗಾಯಕಿ ಆಬಾವ್ ಪೈವಾನ್ ಅನ್ನೋ ಮೂಲನಿವಾಸಿ ಭಾಷೆಯಲ್ಲಿ ಹಾಡಿದ ‘ಕಿನಕಯಾನ್’. ‘ವರ್ಷದ ಹಾಡು’ ಕೂಡ ಆಕೆಯದ್ದೇ. ನನ್ನ ಕೇಳಿದ್ರೆ ಇಡೀ ರಾತ್ರಿಯಲ್ಲಿ ಕಾದು ನೋಡಬೇಕಾದ್ದು ಈ ವಿಭಾಗ.

ಗಾಯಕರ ವಿಭಾಗದಲ್ಲೂ ವ್ಯತ್ಯಾಸ ಇದೆ. ಮ್ಯಾಂಡರಿನ್, ತೈವಾನೀಸ್‌ಗೆ ಗಾಯಕ, ಗಾಯಕಿ ಬೇರೆಬೇರೆ. ಹಕ್ಕಾ ಮತ್ತು ಮೂಲನಿವಾಸಿ ಭಾಷೆಗೆ ಇಬ್ಬರಿಗೂ ಸೇರಿ ಒಂದೇ. ಯಾವ ದೇಶದವರು ಅನ್ನೋದು ಅಡ್ಡಿಯಲ್ಲ. ಹಾಂಗ್‌ಕಾಂಗ್‌ನ ಈಸನ್ ಚಾನ್ 2003, 2015, 2018ರಲ್ಲಿ ಅತ್ಯುತ್ತಮ ಮ್ಯಾಂಡರಿನ್ ಗಾಯಕ ಪ್ರಶಸ್ತಿ ಗೆದ್ದರು. ಸಿಂಗಪುರದ ತಾನ್ಯಾ ಚುವಾ ನಾಲ್ಕು ಸಲ ಅತ್ಯುತ್ತಮ ಮ್ಯಾಂಡರಿನ್ ಗಾಯಕಿ.

ತುಮಕೂರು_ಕೇಳುಗ:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಭಾಷೆ ಬರದೆ ಯಾರು ಗೆದ್ರು ಅಂತ ಗೊತ್ತಾಗೋದು ಹೇಗೆ? ಸ್ಟೇಜ್ ಮೇಲೆ ಹೇಳೋ ಹೆಸರು ಆ್ಯಪ್‌ನಲ್ಲಿರೋ ಹೆಸರಿಗೆ ತಾಳೆಯೇ ಆಗಲ್ಲ.

ಕೋಲಾರದವಳು:
ಆಗಲ್ಲ ಕಣಪ್ಪ, ಅಲ್ಲಿ ಕರೆಯೋದು ಚೀನೀ ಹೆಸರಿಂದ. ತಾನ್ಯಾ ಚುವಾ ಅಂತ ಕಾದ್ರೆ ‘ತ್ಸಾಯ್ ಜಿಯೆನ್‌ಯಾ’ ಅಂತ ಕೇಳಿಸುತ್ತೆ. ತೈವಾನಿನ ಗಾಯಕ ಜೇ ಚೋ ಅಂದ್ರೆ ‘ಚೋ ಜಿಯೆಲುನ್’. ನಾಮನಿರ್ದೇಶನ ಸಾಮಾನ್ಯವಾಗಿ ಮೇ ತಿಂಗಳಲ್ಲೇ ಬರುತ್ತೆ. ವಿಕಿಪೀಡಿಯದ ಇಂಗ್ಲಿಷ್ ಪುಟದಿಂದ ಪಟ್ಟಿ ತಗೊಂಡು, ಭಾಷೆ ಬದಲಾಯಿಸೋ ಜಾಗದಲ್ಲಿ ಚೀನೀ ಪುಟ ತೆಗೆದು, ಎರಡೂ ಹೆಸರನ್ನ ಅಕ್ಕಪಕ್ಕ ಬರೆದು ಒಂದು ಹಾಳೆಗೆ ಪ್ರಿಂಟ್ ಹಾಕಿಸಿ. ಚೀನೀ ಪುಟದಲ್ಲಿ ಲಿಪಿ ಆಯ್ಕೆ ‘ತೈವಾನ್ ಸಾಂಪ್ರದಾಯಿಕ’ ಅಂತ ಇರಲಿ. ಸರಳ ಲಿಪಿಯಲ್ಲಿ ತೆಗೆದ್ರೆ ಎಷ್ಟೋ ಅಕ್ಷರ ಟಿವಿ ಪರದೆ ಮೇಲೆ ಬರೋದಕ್ಕೆ ಹೊಂದಲ್ಲ.