ಕ್ಯಾರಿಯರ್‌ಗೆ ಹಾಕಿದ ತಕ್ಷಣ ಪಾಪು ಕಿರುಚುತ್ತಾಳೆ, ನನ್ನ ಸೊಂಟವೂ ಹೋಯಿತು. ಬೇರೆ ತಗೊಳ್ಳಬೇಕಾ?

ಮೂರನೇ ಮಹಡಿ — ಭಾನುವಾರ, ರಾತ್ರಿ 11:50

ಮೊದಲ ಮಗು, ಹೆಣ್ಣು, 12 ವಾರ. ಮೊನ್ನೆ ತೂಕ ನೋಡಿಸಿದಾಗ 5.1 ಕಿಲೋ ಇತ್ತು. ಹೆಂಡತಿ ಬಾಣಂತನ ಮುಗಿಸಿ ತವರಿನಿಂದ ಬಂದು 10 ದಿನ ಆಯಿತು. ಅಲ್ಲಿ ಮಗುವನ್ನು ಎತ್ತಿಕೊಳ್ಳಲು ಮನೆ ತುಂಬ ಜನ. ಇಲ್ಲಿ ನಾವಿಬ್ಬರು, ಜೊತೆಗೆ ಮಂಡಿನೋವಿನ ನಮ್ಮಮ್ಮ. ಬೆಂಗಳೂರಿನಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ. ತಳ್ಳುಗಾಡಿ ತಗೊಂಡರೆ ಅದನ್ನು ಇಳಿಸಲು ಇನ್ನೊಬ್ಬರು ಬೇಕು. ಇಳಿಸಿದರೂ ಫುಟ್‌ಪಾತ್ ಕಥೆ ನಿಮಗೇ ಗೊತ್ತು.

ಅದಕ್ಕೇ ಆನ್‌ಲೈನ್‌ನಲ್ಲಿ 1,400 ರೂಪಾಯಿ ಕೊಟ್ಟು ಮಗುವನ್ನು ಮೈಗೆ ಕಟ್ಟಿಕೊಂಡು ಓಡಾಡುವ ಒಂದು ಕ್ಯಾರಿಯರ್ ತರಿಸಿದೆ. ಹೆಗಲಿಗೆ ಎರಡು ಪಟ್ಟಿ, ಸೊಂಟಕ್ಕೊಂದು ಬೆಲ್ಟ್, ಎಲ್ಲಾ ಕಡೆ ಬಕಲ್. ನಾಲ್ಕು ರೀತಿಯಲ್ಲಿ ಹೊರಬಹುದು ಅಂತ ಡಬ್ಬದ ಮೇಲಿದೆ. ನಾಲ್ಕರಲ್ಲಿ ಒಂದೂ ಆಗುತ್ತಿಲ್ಲ.

ಹಾಕಿದ ಎರಡೇ ನಿಮಿಷಕ್ಕೆ ಕಿರುಚಾಟ ಶುರು. ತೆಗೆದು ನೋಡಿದರೆ ತೊಡೆಯ ಒಳಭಾಗದಲ್ಲಿ ಕೆಂಪು ಗೆರೆ. ಅತ್ತು ಸುಸ್ತಾಗಿ ನಿದ್ದೆ ಹೋದರೆ ಕತ್ತು ಪಕ್ಕಕ್ಕೆ ವಾಲುತ್ತದೆ. ಆಮೇಲೆ ನಾನೇ ಒಂದು ಕೈಯಲ್ಲಿ ತಲೆ ಹಿಡಿದುಕೊಂಡು ಓಡಾಡಬೇಕು. ಕಾಲು ಗಂಟೆಗೆ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಹೆಂಡತಿಗೆ ಸಿಸೇರಿಯನ್ ಆಗಿದೆ. ಬೆಲ್ಟ್ ನೆಟ್ಟಗೆ ಹೊಲಿಗೆ ಮೇಲೇ ಕೂರುತ್ತದೆ, ಹಾಗಾಗಿ ಅವಳು ಅದನ್ನು ಮುಟ್ಟುವುದೇ ಇಲ್ಲ. ಅಮ್ಮ ಬೇರೆ "ಏನೋ ಇದು ಕೊರವಂಜಿ ವೇಷ" ಅಂತಾರೆ.

ಇದನ್ನು ಬಿಟ್ಟು ಬೇರೆ ತಗೊಳ್ಳಲಾ? 4,000ದವರೆಗೆ ಪರವಾಗಿಲ್ಲ. ರಿಂಗಿನಲ್ಲಿ ಬಟ್ಟೆ ತೂರಿಸಿ ಒಂದು ಹೆಗಲಿಗೆ ಹಾಕುವ ರಿಂಗ್ ಸ್ಲಿಂಗ್, ಉದ್ದ ಬಟ್ಟೆಯನ್ನು ಮೈಗೆ ಸುತ್ತಿ ಕಟ್ಟುವ ರ‍್ಯಾಪ್ ಅಂತ ಓದಿ ಓದಿ ತಲೆ ಕೆಟ್ಟಿದೆ. ಇನ್ನೊಂದು, ಇದನ್ನು ಹಾಕಿಕೊಂಡು ಸ್ಕೂಟರ್‌ನಲ್ಲಿ ಜಯನಗರಕ್ಕೆ ಹೋಗಿ ಬರಬಹುದಾ? ನಾದಿನಿ ಮನೆ ಇದೆ ಅಲ್ಲಿ.

ಜೋಲಿಯಕ್ಕ — ಸೋಮವಾರ, ಬೆಳಗ್ಗೆ 6:15

ಮೊದಲು ಸ್ಕೂಟರ್ ವಿಷಯ. ಬೇಡ. ಕ್ಯಾರಿಯರ್ ಇರುವುದು ನಡೆದಾಡುವವರಿಗೆ. ಬ್ರೇಕ್ ಹೊಡೆದಾಗ, ಬಿದ್ದಾಗ ಮಗುವನ್ನು ಕಾಯಲು ಅಲ್ಲ. ಕಾರಿನಲ್ಲೂ ಅಷ್ಟೇ. ಮಗುವನ್ನು ಕಟ್ಟಿಕೊಂಡು ಸೀಟಿನಲ್ಲಿ ಕೂತರೆ ಅದು ಕಾರ್ ಸೀಟ್ ಆಗುವುದಿಲ್ಲ.

ಇನ್ನು ನಿಮ್ಮ ಕ್ಯಾರಿಯರ್. ಬಿಸಾಕುವ ಮೊದಲು ಸ್ವಲ್ಪ ಹೇಳಿ. ಮಗುವಿನ ಮುಖ ನಿಮ್ಮ ಕಡೆಗಾ, ಹೊರಗಾ? ಬೆಲ್ಟ್ ಎಲ್ಲಿ ಕಟ್ಟುತ್ತೀರಿ? ಮಗುವಿನ ಕಾಲ ನಡುವೆ ಬರುವ ಬಟ್ಟೆ ಎಷ್ಟು ಅಗಲ ಇದೆ, ಸ್ಕೇಲ್ ಇಟ್ಟು ನೋಡಿ. ಬೆನ್ನ ಹಿಂದೆ ಎರಡೂ ಹೆಗಲ ಪಟ್ಟಿ ಸೇರಿಸುವ ಸಣ್ಣ ಪಟ್ಟಿ ಇರುತ್ತದಲ್ಲ, ಅದು ಎಲ್ಲಿ ಕೂರುತ್ತದೆ? ಮಗುವಿಗೆ ಹಾಲು ಕುಡಿಸಿ ಎಷ್ಟು ಹೊತ್ತಿಗೆ ಹಾಕುತ್ತೀರಿ ಅಂತಲೂ ಹೇಳಿ.

ಮೂರನೇ ಮಹಡಿ — ಸೋಮವಾರ, ಮಧ್ಯಾಹ್ನ 1:30

ಅಕ್ಕ, ಮುಖ ಹೊರಗೆ. ಡಬ್ಬದ ಫೋಟೋದಲ್ಲಿ ಹಾಗೇ ಇತ್ತು, ಆ ಮಗು ನಗುತ್ತಿತ್ತು ಬೇರೆ. ಬೆಲ್ಟ್ ಅಂದರೆ ಪ್ಯಾಂಟಿನ ಬೆಲ್ಟ್ ಇರುವ ಜಾಗದಲ್ಲೇ. ಬಟ್ಟೆ ಅಗಲ 13 ಸೆಂ.ಮೀ. ಹಿಂದಿನ ಪಟ್ಟಿ ಕತ್ತಿನ ಬುಡದಲ್ಲಿದೆ, ಅದಕ್ಕಿಂತ ಕೆಳಗೆ ಇಳಿಸಿದರೆ ಕೈ ಎಟುಕುವುದಿಲ್ಲ. ಹಾಲು... ಅಳುವಾಗ ಸಮಾಧಾನ ಆಗಲಿ ಅಂತಲೇ ಕ್ಯಾರಿಯರ್‌ಗೆ ಹಾಕುತ್ತಿದ್ದೆವು.

ಜೋಲಿಯಕ್ಕ — ಸೋಮವಾರ, ರಾತ್ರಿ 9:05

ಹಾಗಾದರೆ ಅವಳ ಕಿರುಚಾಟ ನ್ಯಾಯವಾಗಿದೆ ಸರ್.

12 ವಾರದ ಮಗುವಿಗೆ ಕತ್ತು ಪೂರ್ತಿ ನಿಂತಿರುವುದಿಲ್ಲ. ಹೊರಗೆ ಮುಖ ಮಾಡಿ ಕೂರಿಸುವುದು 5-6 ತಿಂಗಳಾದ ಮೇಲೆ, ಅದೂ ಸ್ವಲ್ಪ ಹೊತ್ತು. ಈಗ ಮುಖ ನಿಮ್ಮ ಎದೆಗೆ. ಇದೊಂದನ್ನು ಇವತ್ತೇ ಬದಲಿಸಿ.

ಎರಡನೇದು ಆ 13 ಸೆಂ.ಮೀ. ಅಷ್ಟು ಕಿರಿದಾದರೆ ಮಗುವಿನ ಭಾರವೆಲ್ಲ ತೊಡೆಸಂದಿಯ ಮೇಲೆ ಬೀಳುತ್ತದೆ, ಕಾಲು ನೇತಾಡುತ್ತದೆ. ಕೆಂಪು ಗೆರೆ ಅದರಿಂದಲೇ. ಬಟ್ಟೆ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ತೊಡೆಯನ್ನು ಹೊತ್ತಿರಬೇಕು. ಮಂಡಿ ಮೇಲೆ, ಅಂಡು ಕೆಳಗೆ, ಕುಳಿತ ಕಪ್ಪೆಯ ಹಾಗೆ. ನಮ್ಮ ಹೆಂಗಸರು ಕಂಕುಳಲ್ಲಿ ಕೂಸನ್ನು ಕೂರಿಸಿಕೊಂಡಾಗ ಅದರ ಕಾಲು ಹೇಗೆ ಅಗಲವಾಗಿ ಸೊಂಟವನ್ನು ಅಪ್ಪಿರುತ್ತದೆ ನೋಡಿ. ಅದೇ ಭಂಗಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಕಥೆ.

ಸದ್ಯಕ್ಕೆ ಒಂದು ಉಪಾಯ. ಮಗುವನ್ನು ಒಳಮುಖವಾಗಿ ಕೂರಿಸಿ, ಎಲ್ಲಾ ಬಕಲ್ ಹಾಕಿ. ಆಮೇಲೆ ಉದ್ದದ ಕಾಟನ್ ದುಪ್ಪಟ್ಟಾ ತಗೊಂಡು ಕ್ಯಾರಿಯರ್‌ನ ಮೇಲಿಂದಲೇ ಮಗುವಿನ ಅಂಡಿನ ಕೆಳಗೆ ಅಗಲವಾಗಿ ಹರಡಿ, ಮಂಡಿಯಿಂದ ಮಂಡಿಗೆ. ಎರಡು ತುದಿಗಳನ್ನು ನಿಮ್ಮ ಬೆನ್ನ ಹಿಂದೆ ಬಿಗಿಯಾಗಿ ಗಂಟು ಹಾಕಿ. ತೊಡೆಗೆ ಆಸರೆ ಸಿಗುತ್ತದೆ. ದುಪ್ಪಟ್ಟಾ ತೊಡೆಗೆ ಮಾತ್ರ, ಭಾರ ಹೊರಬೇಕಾದದ್ದು ಕ್ಯಾರಿಯರ್. ಸಿಂಥೆಟಿಕ್ ಬೇಡ, ಗಂಟು ಜಾರುತ್ತದೆ.

ಬೆಲ್ಟ್ ಪ್ಯಾಂಟಿನ ಜಾಗದಿಂದ ಮೇಲಕ್ಕೆ ಬರಲಿ, ಹೊಕ್ಕುಳ ಹತ್ತಿರ. ಕಟ್ಟುವಾಗ ಉಸಿರು ಬಿಟ್ಟು ಬಿಗಿ ಮಾಡಿ. ನೀವು ಮಗುವನ್ನು ಹೆಗಲಿನಲ್ಲಿ ನೇತುಹಾಕಿಕೊಂಡಿದ್ದೀರಿ, ಸೊಂಟದ ಮೇಲೆ ಕೂರಿಸಿಲ್ಲ. ಭಾರ ಕೆಳಗೆ ಮತ್ತು ಮುಂದಕ್ಕೆ ಹೋದಷ್ಟೂ ನೀವು ಹಿಂದಕ್ಕೆ ಬಾಗುತ್ತೀರಿ, ಸೊಂಟ ನೋಯುತ್ತದೆ. ಹಿಂದಿನ ಪಟ್ಟಿ ಹೆಗಲ ಮೂಳೆಗಳ ನಡುವೆ ಬರಬೇಕು. ಕೈ ಎಟುಕದಿದ್ದರೆ ಹೆಗಲ ಪಟ್ಟಿಗಳನ್ನು ಪೂರ್ತಿ ಸಡಿಲ ಬಿಟ್ಟು, ಆ ಬಕಲ್ ಮೊದಲೇ ಹಾಕಿ, ಟೀ ಶರ್ಟ್ ಹಾಕಿದ ಹಾಗೆ ತಲೆಯ ಮೇಲಿಂದ ಇಳಿಸಿಕೊಳ್ಳಿ. ಆಮೇಲೆ ಬಿಗಿ ಮಾಡಿ. ಇದಕ್ಕೆ ನನಗೆ ಮೊದಲ ಮಗುವಿನಲ್ಲಿ ಎರಡು ತಿಂಗಳು ಹಿಡಿಯಿತು, ನಾಚಿಕೆಗೇಡು.

ಹಾಕಿದ ಮೇಲೆ ಪ್ರತಿ ಸಲ ನೋಡಬೇಕಾದದ್ದಿದೆ. ಬ್ರಿಟನ್ನಿನ ಸ್ಲಿಂಗ್ ಬಳಗದವರು ಇದಕ್ಕೆ ಟಿಕ್ಸ್ (TICKS, ಐದು ಇಂಗ್ಲಿಷ್ ಸೂಚನೆಗಳ ಮೊದಲಕ್ಷರ) ಅನ್ನುತ್ತಾರೆ. ಬಿಗಿಯಾಗಿರಬೇಕು. ಮುಖ ಯಾವಾಗಲೂ ಕಾಣುತ್ತಿರಬೇಕು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಸಿಗಬೇಕು. ಗದ್ದ ಎದೆಗೆ ಅಂಟಿರಬಾರದು, ಮಧ್ಯೆ ಒಂದು ಬೆರಳು ತೂರಬೇಕು. ಬೆನ್ನು ಕುಸಿದಿರಬಾರದು. ಇದರಲ್ಲಿ ಗದ್ದದ್ದೇ ನನಗೆ ಎಲ್ಲಕ್ಕಿಂತ ದೊಡ್ಡದು. ಪುಟ್ಟ ಮಕ್ಕಳ ಶ್ವಾಸನಾಳ ಮೆತ್ತಗಿರುತ್ತದೆ. ಗದ್ದ ಎದೆಗೆ ಒತ್ತಿ ಉಸಿರು ಕಟ್ಟಿದರೆ ಅವು ಅಳುವುದೂ ಇಲ್ಲ.

ಕೊನೇದಾಗಿ, ಅಳುವಾಗ ಹಾಕಬೇಡಿ. ಹಾಲು ಕುಡಿದು, ತೇಗಿ, ಖುಷಿಯಾಗಿರುವಾಗ ಹಾಕಿ. ಹಾಕಿದ ಮೇಲೆ ನಿಂತು ಕನ್ನಡಿ ನೋಡಿಕೊಳ್ಳಬೇಡಿ, ನಡೆಯಿರಿ. ಮೊದಲ ನಿಮಿಷ ಗೊಣಗುವುದು ಸಹಜ.

ಮೂಳೆ ಮಾಂಸ — ಸೋಮವಾರ, ರಾತ್ರಿ 10:20

ಫಿಸಿಯೋಥೆರಪಿ ನನ್ನ ಕೆಲಸ. ಜೋಲಿಯಕ್ಕ ಹೇಳಿದ ಕಪ್ಪೆ ಭಂಗಿಗೆ ಕಾರಣ ಇದೆ. ಹುಟ್ಟಿದಾಗ ಸೊಂಟದ ಕೀಲು ಇನ್ನೂ ಮೃದು. ಅದರ ಗುಳಿ ಗುಂಡಗೆ, ಆಳವಾಗಿ ಬೆಳೆಯಲು ಮೊದಲ 6 ತಿಂಗಳು ಮುಖ್ಯ ಅಂತ ಇಂಟರ್‌ನ್ಯಾಷನಲ್ ಹಿಪ್ ಡಿಸ್ಪ್ಲೇಸಿಯಾ ಇನ್‌ಸ್ಟಿಟ್ಯೂಟ್ ಹೇಳುತ್ತದೆ. ಕ್ಯಾರಿಯರ್ ತೊಡೆಯನ್ನು ಮಂಡಿಯವರೆಗೆ ಹೊರಬೇಕು ಅನ್ನುವುದೂ ಅವರ ಮಾತೇ. ಜಪಾನಿನಲ್ಲಿ 1970ರ ದಶಕದಲ್ಲಿ ಕೂಸಿನ ಕಾಲು ನೆಟ್ಟಗೆ ಮಾಡಿ ಸುತ್ತುವುದನ್ನು ಬಿಡಿಸಿದರು, ಕೀಲು ಜಾರುವ ತೊಂದರೆ ಬಹಳ ಇಳಿಯಿತು. ನಮ್ಮಲ್ಲೂ ಎಣ್ಣೆನೀರು ಹಾಕಿ, ಕಾಲು ಎಳೆದು, ಬಿಗಿಯಾಗಿ ಸುತ್ತುವ ಅಜ್ಜಿಯರಿದ್ದಾರೆ. ಜಗಳ ಆಡಬೇಡಿ, ಮೇಲೆ ಬಿಗಿ ಇದ್ದರೂ ಸೊಂಟದ ಕೆಳಗೆ ಸಡಿಲ ಇರಲಿ ಅಂತ ಹೇಳಿ ಸಾಕು.

ಇಷ್ಟು ದಿನ ಎರಡೆರಡು ನಿಮಿಷ ನೇತಾಡಿದ್ದಕ್ಕೆ ಗಾಬರಿಯಾಗಬೇಡಿ. ಆದರೆ ಮಗು ಹೊಟ್ಟೆಯಲ್ಲಿ ಉಲ್ಟಾ ಕೂತಿದ್ದರೆ, ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಸೊಂಟದ ತೊಂದರೆ ಇದ್ದರೆ, ಡೈಪರ್ ಹಾಕುವಾಗ ಒಂದು ಕಾಲು ಇನ್ನೊಂದರಷ್ಟು ಬಿಚ್ಚದಿದ್ದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ಧಾರವಾಡ ಪೇಡೆ — ಮಂಗಳವಾರ, ಬೆಳಗ್ಗೆ 8:40

ಇಷ್ಟೆಲ್ಲ ಯಾಕ್ರೀ ಸರ್? ಅವ್ವನ ಹಳೇ ಸೀರೆ ತಗೊಂಡು ಕಟ್ಟಿಕೊಂಡರೆ ಆಯಿತಲ್ಲ. ನಮ್ಮ ಕಡೆ ಹೊಲದಾಗ ಕಳೆ ತೆಗೆಯುವ ಹೆಣ್ಣುಮಕ್ಕಳು ಬೇವಿನ ಗಿಡಕ್ಕ ಸೀರೆ ಜೋಲಿ ಕಟ್ಟಿ ಕೂಸು ಮಲಗಿಸುತ್ತಾರೆ. 4,000 ರೂಪಾಯಿ ಸುಮ್ನೆ ದಂಡ.

ಜೋಲಿಯಕ್ಕ — ಮಂಗಳವಾರ, ಬೆಳಗ್ಗೆ 9:30

ಸೀರೆ ಆಗಲ್ಲ ಅನ್ನುವುದಿಲ್ಲ ಸರ್. ಆದರೆ ಗಿಡಕ್ಕೆ ಕಟ್ಟಿದ ಜೋಲಿ ಬೇರೆ, ಮೈಗೆ ಕಟ್ಟಿಕೊಳ್ಳುವುದು ಬೇರೆ. ಮೈಮೇಲೆ ಜೋಲಿಯ ಹಾಗೆ ಚೀಲ ಬಿಟ್ಟು ಮಗುವನ್ನು ಅಡ್ಡ ಮಲಗಿಸಿದರೆ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ. 2010ರ ಮಾರ್ಚಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಹಿಂದಿನ 20 ವರ್ಷದಲ್ಲಿ ಸ್ಲಿಂಗ್‌ಗೆ ಸಂಬಂಧಿಸಿದ 14 ಸಾವುಗಳು ಅವರ ಲೆಕ್ಕದಲ್ಲಿದ್ದವು, ಅದರಲ್ಲಿ 12 ಮಕ್ಕಳು ನಾಲ್ಕು ತಿಂಗಳೂ ತುಂಬದವು. ಅದೇ ತಿಂಗಳು ಚೀಲದಂಥ ಸ್ಲಿಂಗ್‌ಗಳನ್ನು ಹತ್ತು ಲಕ್ಷಕ್ಕೂ ಹೆಚ್ಚು ವಾಪಸ್ ಕರೆಸಿಕೊಂಡರು. ಅದಕ್ಕೇ ನೆಟ್ಟಗೆ, ಎದೆಗೆ ಎದೆ ತಾಗಿಸಿ ಅನ್ನುವುದು.

ಸೀರೆ ಬಳಸಿದರೆ ಗಟ್ಟಿ ಕಾಟನ್ ಇರಲಿ. ಹಳೇದಾದರೆ ಬೆಳಕಿಗೆ ಹಿಡಿದು ನೋಡಿ, ಎಲ್ಲಾದರೂ ಜಾಲರಿಯಾಗಿದ್ದರೆ ಬಿಡಿ. ಇಳಕಲ್ ಸೀರೆಗೆ ಕೈ ಹಾಕಬೇಡಿ, ಸೆರಗು ರೇಷ್ಮೆ, ಜಾರುತ್ತದೆ. ಅವ್ವನೂ ಬೈಯುತ್ತಾರೆ.

ಸ್ಟುಟ್‌ಗಾರ್ಟ್ ಕನ್ನಡತಿ — ಮಂಗಳವಾರ, ಮಧ್ಯಾಹ್ನ 3:10

ನಾನಿರುವ ಜರ್ಮನಿಯಲ್ಲಿ ಎಲ್ಲಾ ಮಕ್ಕಳಿಗೂ 4-5 ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಮಾಡುತ್ತಾರೆ, 1996ರಿಂದ ಇದೆ. ಮಗು ಕಟ್ಟಿಕೊಳ್ಳುವುದನ್ನು ಕಲಿಸುವವರೂ ಇದ್ದಾರೆ, ದುಡ್ಡು ಕೊಟ್ಟು ಕಲಿತೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅಜ್ಜಿ ನಕ್ಕಿದ್ದೇ ನಕ್ಕಿದ್ದು.

ಅಲ್ಲಿ ಕಲಿತದ್ದರಲ್ಲಿ ಒಂದು ಮಾತು ನಿಮಗೆ ಬೇಕಾಗಬಹುದು. ಒಂದೇ ಕ್ಯಾರಿಯರ್ ಇಬ್ಬರಿಗೂ ಒಗ್ಗಬೇಕು ಅಂತ ಹಟ ಮಾಡಬೇಡಿ. ನನಗೆ 4.6 ಮೀಟರಿನ ನೇಯ್ದ ರ‍್ಯಾಪ್ ಇಷ್ಟ. ಗಂಡನಿಗೆ ಅಷ್ಟು ಬಟ್ಟೆ ನೋಡಿದರೆ ಬೆವರು, ಬಕಲ್ ಇರುವುದೇ ಬೇಕು. ಹಿಗ್ಗುವ ಬಟ್ಟೆಯ ರ‍್ಯಾಪ್ ಹಸುಗೂಸಿಗೆ ಚೆನ್ನ, ಆದರೆ ಮಗು 8-9 ಕಿಲೋ ಆಗುವ ಹೊತ್ತಿಗೆ ಜೋತು ಬೀಳುತ್ತದೆ. ಮತ್ತೆ ಅದು ಮೂರು ಪದರ ಸುತ್ತುವುದು, ನಿಮ್ಮ ಬೇಸಿಗೆಗೆ ಸೆಕೆ ಜಾಸ್ತಿ. ಯಾವುದೇ ಆಗಲಿ, ಕ್ಯಾರಿಯರನ್ನೂ ಒಂದು ಬಟ್ಟೆ ಅಂತ ಲೆಕ್ಕ ಹಾಕಿ, ಒಳಗೆ ಮಗುವಿಗೆ ತೆಳು ಜುಬ್ಬ ಸಾಕು. ಕತ್ತಿನ ಹಿಂಭಾಗ ಮುಟ್ಟಿ ನೋಡುತ್ತಿರಿ.

ಮೂರನೇ ಮಹಡಿ — ಶನಿವಾರ, ರಾತ್ರಿ 10:45

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವರದಿ ಒಪ್ಪಿಸುತ್ತೇನೆ.

ಮುಖ ಒಳಗೆ ತಿರುಗಿಸಿದೆ, ಬೆಲ್ಟ್ ಮೇಲೆ ಎತ್ತಿದೆ, ದುಪ್ಪಟ್ಟಾ ಕಟ್ಟಿದೆ. ಮೊದಲ ದಿನ ಐದು ನಿಮಿಷ. ಮಾರನೇ ದಿನ ಹಾಲು ಕುಡಿಸಿ ಹಾಕಿಕೊಂಡು ಮೆಟ್ಟಿಲು ಇಳಿದೆ, ಎರಡನೇ ಮಹಡಿ ಬರುವಷ್ಟರಲ್ಲಿ ನಿದ್ದೆ. 40 ನಿಮಿಷ! ಸೊಪ್ಪು ತಂದೆ. ಕೆಂಪು ಗೆರೆ ಇಲ್ಲ. ಸೊಂಟ ನೋವು ಮುಕ್ಕಾಲು ಪಾಲು ಹೋಗಿದೆ. ಆದರೆ ದಿನಾ ದುಪ್ಪಟ್ಟಾ ಕಟ್ಟುವುದು ರಗಳೆ. ಕೆಳಗಿನ ಅಗಲ ಹೆಚ್ಚು ಕಡಿಮೆ ಮಾಡಬಹುದಾದ ಬಕಲ್ ಕ್ಯಾರಿಯರ್ ಒಂದನ್ನು ಅಂಗಡಿಯಲ್ಲೇ ಮಗುವನ್ನು ಕೂರಿಸಿ ನೋಡಿ ತಗೊಂಡೆ. 3.5 ಕಿಲೋದಿಂದ ಆಗುತ್ತದೆ. ಹಳೇದು ಯಾರಿಗೂ ಕೊಡಲು ಮನಸ್ಸಾಗಲಿಲ್ಲ.

ಹೆಂಡತಿಗೆ ಅವಳ ಗೆಳತಿ ತನ್ನ ರಿಂಗ್ ಸ್ಲಿಂಗ್ ಕೊಟ್ಟಿದ್ದಾಳೆ. ಹೊಟ್ಟೆ ಮೇಲೆ ಏನೂ ಒತ್ತುವುದಿಲ್ಲ, ಅವಳಿಗೆ ಖುಷಿ. ಡಾಕ್ಟರ್ ಕೂಡ ಹೂಂ ಅಂದರು. ಆದರೆ ಹತ್ತು ನಿಮಿಷಕ್ಕೆ ಬಟ್ಟೆ ರಿಂಗಿನಲ್ಲಿ ಜಾರಿ ಮಗು ಕೆಳಗೆ ಬರುತ್ತದೆ. ಬಟ್ಟೆಯೇ ಸರಿ ಇಲ್ಲವಾ?

ಜೋಲಿಯಕ್ಕ — ಭಾನುವಾರ, ಬೆಳಗ್ಗೆ 7:00

ಬಟ್ಟೆಯನ್ನು ಮುದ್ದೆ ಮಾಡಿ ರಿಂಗಿಗೆ ತೂರಿಸಿರುತ್ತಾರೆ. ರಿಂಗಿನೊಳಗೆ ಅದು ಬೀಸಣಿಗೆಯ ಹಾಗೆ ಬಿಡಿಸಿಕೊಂಡು ಹರಡಿರಬೇಕು. ಮೇಲಿನ ಅಂಚು ಮೇಲೆ, ಕೆಳಗಿನ ಅಂಚು ಕೆಳಗೆ, ತಿರುಚಿರಬಾರದು. ರಿಂಗ್ ಹೆಗಲ ಮೂಳೆಯ ಸ್ವಲ್ಪ ಕೆಳಗೆ ಇರಲಿ. ಬಿಗಿ ಮಾಡುವಾಗ ರಿಂಗಿನಿಂದ ಇಳಿಬಿದ್ದ ಬಟ್ಟೆಯನ್ನೆಲ್ಲ ಒಟ್ಟಿಗೆ ಎಳೆಯಬಾರದು. ಮಗುವಿನ ಭಾರವನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ, ಮೊದಲು ಕತ್ತಿನ ಹತ್ತಿರದ ಅಂಚು, ಆಮೇಲೆ ಮಂಡಿ ಹತ್ತಿರದ್ದು, ಕೊನೆಗೆ ಮಧ್ಯದ್ದು, ಒಂದೊಂದೇ ಎಳೆಯಬೇಕು. ಕೆಳಗಿನ ಅಂಚನ್ನು ಮಗುವಿನ ತೊಡೆ ಕೆಳಗಿನಿಂದ ಇಬ್ಬರ ಹೊಟ್ಟೆ ಮಧ್ಯಕ್ಕೆ ಮಡಚಿ ತೂರಿಸಿದರೆ ಕೂರಲು ಗುಳಿಯಾಗುತ್ತದೆ, ಕಾಲು ಒದ್ದರೂ ಬಟ್ಟೆ ಹೊರಗೆ ಬರುವುದಿಲ್ಲ. ರಿಂಗಿನಲ್ಲಿ ಬೆಸುಗೆ ಗೆರೆ, ಬಿರುಕು ಇದೆಯಾ ಅಂತ ಉಗುರಿನಿಂದ ಸವರಿ ನೋಡಿ, ಇದ್ದರೆ ಬಳಸಬೇಡಿ. ಇವತ್ತು ಬಲ ಹೆಗಲಾದರೆ ನಾಳೆ ಎಡ.

ಮೂಳೆ ಮಾಂಸ — ಭಾನುವಾರ, ಬೆಳಗ್ಗೆ 10:15

ಜಯನಗರಕ್ಕೆ ಹೇಗೆ ಹೋದಿರಿ ಅಂತ ಹೇಳಲಿಲ್ಲ. ನಿಯಮವೂ ತಿಳಿದಿರಲಿ: 4 ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಕೂರಿಸಿದರೆ ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿ ಬೇಕು, 9 ತಿಂಗಳು ದಾಟಿದ್ದರೆ ಹೆಲ್ಮೆಟ್ ಕೂಡ, ವೇಗ 40 ಕಿ.ಮೀ. ಮೀರಬಾರದು. 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ನಿಮ್ಮ ಕ್ಯಾರಿಯರ್ ಆ ಪಟ್ಟಿ ಅಲ್ಲ. ನಿಮ್ಮ ಮಗುವಿಗೆ ಹಾಕಲು ಹೆಲ್ಮೆಟ್ ಕೂಡ ಇಲ್ಲ.

ಮೂರನೇ ಮಹಡಿ — ಭಾನುವಾರ, ರಾತ್ರಿ 9:20

ಆಟೋದಲ್ಲಿ ಹೋದೆವು ಸರ್. ಸ್ಲಿಂಗ್ ಈಗ ಜಾರುತ್ತಿಲ್ಲ, ಬೀಸಣಿಗೆ ಉಪಾಯ ಫಲಿಸಿತು. ಬೆನ್ನಿಗೆ ಯಾವಾಗ ಕಟ್ಟಿಕೊಳ್ಳಬಹುದು ಅಕ್ಕ? ಎದುರಿಗೆ ಇದ್ದರೆ ಅಡುಗೆಮನೆಯಲ್ಲಿ ಏನೂ ಕಾಣುವುದಿಲ್ಲ. ಇವತ್ತು ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿದು ಹೆದರಿಬಿಟ್ಟೆ.

ಜೋಲಿಯಕ್ಕ — ಭಾನುವಾರ, ರಾತ್ರಿ 9:40

ಬೆನ್ನಿಗೆ ಅವಳು ತಾನಾಗಿಯೇ ಕೂರಲು ಕಲಿತ ಮೇಲೆ, ಸುಮಾರು 6 ತಿಂಗಳು ದಾಟಲಿ. ಒಗ್ಗರಣೆಗೆ ಎದುರಿಗೂ ಬೇಡ, ಬೆನ್ನಿಗೂ ಬೇಡ. ಆ ಹತ್ತು ನಿಮಿಷ ಮಗುವನ್ನು ಅಜ್ಜಿಯ ತೊಡೆ ಮೇಲೆ ಮಲಗಿಸಿ. ಕೂತಲ್ಲೇ ಎತ್ತಿಕೊಳ್ಳಲು ಮಂಡಿನೋವು ಅಡ್ಡ ಬರುವುದಿಲ್ಲ.