ಗೂಗಲ್ 2004ರ ತನಕ ಷೇರುಪೇಟೆಗೆ ಬಾರದೆ ಉಳಿದದ್ದೇಕೆ, ಅದರ ಹರಾಜು ಸೋತಿತೇ?

ಪ್ರಶ್ನೆ: ಎಂ.ಕಾಂ. ವಿದ್ಯಾರ್ಥಿನಿ, ಧಾರವಾಡ

ಸರ್ಚ್ ಎಂಜಿನ್ ಕಂಪನಿಗಳ ಐಪಿಒಗಳ (ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು) ಬಗ್ಗೆ ಸೆಮಿನಾರ್ ಒಂದನ್ನು ಸಿದ್ಧಪಡಿಸುತ್ತಿದ್ದೇನೆ. 1996ರ ಏಪ್ರಿಲ್ ಒಂದೇ ತಿಂಗಳಲ್ಲಿ ಲೈಕೋಸ್, ಎಕ್ಸೈಟ್ ಮತ್ತು ಯಾಹೂ ಮೂರೂ ಷೇರುಪೇಟೆಗೆ ಬಂದವು. ಆಗ ಅವುಗಳಿಗೆ ಹೇಳಿಕೊಳ್ಳುವಂತಹ ಲಾಭವೇ ಇರಲಿಲ್ಲ. ಗೂಗಲ್ ಮಾತ್ರ ಲಾಭ ಗಳಿಸಲು ತೊಡಗಿದ ಮೇಲೂ 2004ರ ಆಗಸ್ಟ್ 19ರವರೆಗೆ ಕಾದಿತು. ಬಂದಾಗಲೂ ಬ್ಯಾಂಕುಗಳು ದೊಡ್ಡ ಹೂಡಿಕೆದಾರರನ್ನು ವಿಚಾರಿಸಿ ಬೆಲೆ ಗೊತ್ತುಮಾಡುವ ರೂಢಿಯ ಬುಕ್ ಬಿಲ್ಡಿಂಗ್ ಬಿಟ್ಟು ಹರಾಜಿನ ದಾರಿ ಹಿಡಿಯಿತು. ಮೊದಲು 108ರಿಂದ 135 ಡಾಲರ್ ಎಂದು ಪ್ರಕಟಿಸಿದ್ದ ಬೆಲೆ ಶ್ರೇಣಿಯನ್ನು ಕೊನೆಗಳಿಗೆಯಲ್ಲಿ ಇಳಿಸಿ, 85 ಡಾಲರಿಗೆ ಷೇರು ಮಾರಬೇಕಾಯಿತು. ಇಷ್ಟು ವಿಳಂಬಕ್ಕೆ ಕಾರಣವೇನು, ಮತ್ತು ಆ ಹರಾಜನ್ನು ವೈಫಲ್ಯವೆಂದು ಬರೆಯಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಕಾನೂನಿನಲ್ಲಿದೆ. ಅಮೆರಿಕದಲ್ಲಿ ಆಗಿದ್ದ ನಿಯಮದಂತೆ, ಒಂದು ಕೋಟಿ ಡಾಲರಿಗಿಂತ ಹೆಚ್ಚು ಆಸ್ತಿಯುಳ್ಳ ಕಂಪನಿಯೊಂದರ ಷೇರು ಅಥವಾ ಷೇರು ಕೊಳ್ಳುವ ಹಕ್ಕನ್ನು 500 ಇಲ್ಲವೇ ಅದಕ್ಕಿಂತ ಹೆಚ್ಚು ಮಂದಿ ಹೊಂದಿದ್ದರೆ, ಆ ಆರ್ಥಿಕ ವರ್ಷ ಮುಗಿದ 120 ದಿನಗಳೊಳಗೆ ಕಂಪನಿ ತನ್ನ ಲೆಕ್ಕಪತ್ರಗಳನ್ನು ಬಹಿರಂಗಪಡಿಸುವ ಪ್ರಕ್ರಿಯೆಗೆ ಒಳಪಡಬೇಕಿತ್ತು. ನೌಕರರಿಗೆ ಧಾರಾಳವಾಗಿ ಷೇರು ಹಂಚಿದ್ದ ಗೂಗಲ್ 2003ರಲ್ಲಿ ಆ ಮಿತಿಯನ್ನು ದಾಟಿತು. 2004 ಅಧಿಕ ವರ್ಷವಾದ್ದರಿಂದ 120ನೆಯ ದಿನ ಏಪ್ರಿಲ್ 29ಕ್ಕೆ ಬಿತ್ತು. ಕಂಪನಿ ತನ್ನ ಐಪಿಒ ಅರ್ಜಿಯನ್ನು ಸಲ್ಲಿಸಿದ್ದೂ ಸರಿಯಾಗಿ ಅದೇ ದಿನ. ಈ ನಿಯಮ ಷೇರು ಮಾರಲೇಬೇಕೆಂದು ಹೇಳುವುದಿಲ್ಲ, ಲೆಕ್ಕ ತೋರಿಸಬೇಕೆಂದಷ್ಟೇ ಹೇಳುತ್ತದೆ. ಆದರೆ ಲೆಕ್ಕ ತೋರಿಸಿದ ಮೇಲೆ ಹೊರಗುಳಿಯುವುದರಿಂದ ಸಿಗುವ ಲಾಭವೇನೂ ಉಳಿಯುವುದಿಲ್ಲ.

ಹಾಗೆಯೇ, ಆ ಅರ್ಜಿಯಲ್ಲಿ ಸಂಗ್ರಹಿಸಲು ಉದ್ದೇಶಿಸಿದ ಮೊತ್ತವೆಂದು ನಮೂದಿಸಿದ್ದು 2,718,281,828 ಡಾಲರ್; ಗಣಿತ ಓದಿದವರಿಗೆ e ಎಂಬ ಸ್ಥಿರಾಂಕದ (2.718281828...) ಈ ಅಂಕಿಗಳ ಪರಿಚಯವಿರುತ್ತದೆ.

ಉತ್ತರ: ಜಾಹೀರಾತು ತಂತ್ರಾಂಶದಲ್ಲಿ ಕೆಲಸ ಮಾಡಿದವ, ಬೆಂಗಳೂರು

ಮೇಲಿನವರು ಹೇಳಿದ್ದು ಸರಿ, ಆದರೆ ಅದು ಏಕೆ ಬಂದರು ಎಂಬುದಕ್ಕೆ ಉತ್ತರವೇ ಹೊರತು ಅಲ್ಲಿಯ ತನಕ ಏಕೆ ಬರಲಿಲ್ಲ ಎಂಬುದಕ್ಕೆ ಅಲ್ಲ. ನನ್ನ ಅಭಿಪ್ರಾಯದಲ್ಲಿ ಗೂಗಲ್ ಕಾಯ್ದುಕೊಂಡದ್ದು ಗುಟ್ಟನ್ನು.

1990ರ ದಶಕದ ಕೊನೆಯಲ್ಲಿ ಹುಡುಕಾಟವೆಂಬುದು ದುಡ್ಡು ಹುಟ್ಟದ ಕೆಲಸವೆಂದೇ ಪ್ರತಿಸ್ಪರ್ಧಿಗಳು ನಂಬಿದ್ದರು. ಅವರೆಲ್ಲ ಇಮೇಲ್, ಸುದ್ದಿ, ಜಾತಕ, ಹವಾಮಾನ ಎಲ್ಲವನ್ನೂ ಒಂದೇ ಪುಟದಲ್ಲಿ ತುಂಬಿ ಓದುಗರನ್ನು ತಮ್ಮಲ್ಲೇ ಹಿಡಿದಿಡಲು ಹೆಣಗುತ್ತಿದ್ದರು. ಹುಡುಕಿದವರನ್ನು ಬೇರೆ ತಾಣಕ್ಕೆ ಕಳುಹಿಸಿಬಿಡುವ ಸರ್ಚ್ ಎಂಜಿನ್ ಅವರ ಕಣ್ಣಿಗೆ ಗಿರಾಕಿಯನ್ನು ಬಾಗಿಲಿನಿಂದ ಹೊರಗೆ ದಾಟಿಸುವ ಅಂಗಡಿಯಂತೆ ಕಾಣುತ್ತಿತ್ತು. ಯಾಹೂ ತನ್ನ ಹುಡುಕಾಟವನ್ನು ಹೊರಗಿನವರಿಗೆ ವಹಿಸಿ, 2000ದ ಜೂನ್‌ನಿಂದ ಗೂಗಲ್‌ನ ಫಲಿತಾಂಶಗಳನ್ನೇ ತನ್ನ ಪುಟದಲ್ಲಿ ತೋರಿಸಿತು. 1995ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿ ಹುಟ್ಟಿದ ಆಲ್ಟಾವಿಸ್ಟಾ ಎಂಬ ಸರ್ಚ್ ಎಂಜಿನ್ ಕಂಪ್ಯೂಟರ್ ಕಂಪನಿ ಕಾಂಪ್ಯಾಕ್‌ಗೂ ಅಲ್ಲಿಂದ ಇಂಟರ್ನೆಟ್ ಹೂಡಿಕೆ ಕಂಪನಿ ಸಿಎಂಜಿಐಗೂ ಕೈಬದಲಾಗಿ, ಐಪಿಒ ಅರ್ಜಿ ಸಲ್ಲಿಸಿ, ಪೇಟೆ ಕುಸಿದ ಮೇಲೆ 2001ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು.

ದುಡ್ಡಿನ ದಾರಿಯನ್ನು ಮೊದಲು ಕಂಡದ್ದು ಗೂಗಲ್ ಕೂಡ ಅಲ್ಲ. ಹುಡುಕುವ ಪದಗಳಿಗೆ ಜಾಹೀರಾತುದಾರರಿಂದ ಬಿಡ್ ಕೂಗಿಸಿ, ಕ್ಲಿಕ್ಕಿಗೆ ಇಷ್ಟೆಂದು ಹಣ ಪಡೆಯುವ ವ್ಯವಸ್ಥೆಯನ್ನು 1998ರಲ್ಲೇ ಆರಂಭಿಸಿದ್ದು ಗೋಟು ಎಂಬ ಕಂಪನಿ. ಅದೇ ಮುಂದೆ ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿತು. ಗೂಗಲ್ 2002ರಲ್ಲಿ ಈ ಕ್ಲಿಕ್ ಲೆಕ್ಕದ ಪದ್ಧತಿಗೆ ಬಂದಾಗ, ಬಿಡ್ಡಿನ ಜೊತೆಗೆ ಜಾಹೀರಾತು ಎಷ್ಟು ಬಾರಿ ಕ್ಲಿಕ್ ಆಗುತ್ತದೆಂಬುದನ್ನೂ ಪರಿಗಣಿಸಿ ಸ್ಥಾನ ನಿರ್ಧರಿಸಿತು. ಹೆಚ್ಚು ಹಣ ಕೂಗಿದರೂ ಯಾರೂ ಒತ್ತದ ಜಾಹೀರಾತು ಮೇಲೆ ಕುಳಿತು ಜಾಗ ಹಾಳುಮಾಡುವುದು ಇದರಿಂದ ತಪ್ಪಿತು. ಎಷ್ಟು ಗಳಿಕೆ ಬರುತ್ತಿದೆ ಎಂಬುದು ಹೊರಗಿನವರಿಗೆ ತಿಳಿಯದಿದ್ದಷ್ಟು ದಿನ ಸ್ಪರ್ಧಿಗಳು ನಿಧಾನವಾಗಿಯೇ ಇದ್ದರು. 2004ರ ದಾಖಲೆ ಹೊರಬಿದ್ದಾಗ ಹಿಂದಿನ ವರ್ಷದ ವರಮಾನ 96 ಕೋಟಿ ಡಾಲರ್, ನಿವ್ವಳ ಲಾಭ ಸುಮಾರು 10.6 ಕೋಟಿ ಡಾಲರ್ ಎಂಬುದು ಎಲ್ಲರಿಗೂ ತಿಳಿಯಿತು.

ಅಷ್ಟರಲ್ಲಿ ಯಾಹೂ ಎಚ್ಚೆತ್ತಿತ್ತು ಎಂಬುದನ್ನೂ ಸೇರಿಸಬೇಕು. ಅದು 2002ರ ಡಿಸೆಂಬರ್‌ನಲ್ಲಿ ಇಂಕ್ಟೊಮಿ ಎಂಬ ಸರ್ಚ್ ತಂತ್ರಾಂಶ ಕಂಪನಿಯನ್ನು 23.5 ಕೋಟಿ ಡಾಲರಿಗೂ 2003ರ ಜುಲೈನಲ್ಲಿ ಓವರ್ಚರನ್ನು 163 ಕೋಟಿ ಡಾಲರಿಗೂ ಕೊಳ್ಳಲು ಹೊರಟು, 2004ರ ಫೆಬ್ರುವರಿಯಲ್ಲಿ ಗೂಗಲ್ ಫಲಿತಾಂಶಗಳನ್ನು ಕೈಬಿಟ್ಟಿತು. ಓವರ್ಚರ್‌ನ ಜೊತೆಗೆ ಅದು ಗೂಗಲ್ ಮೇಲೆ ಹೂಡಿದ್ದ ಪೇಟೆಂಟ್ ದಾವೆಯೂ ಯಾಹೂಗೆ ಬಂತು. ಐಪಿಒಗೆ ಹತ್ತು ದಿನ ಇರುವಾಗ, 27 ಲಕ್ಷ ಷೇರುಗಳನ್ನು ಯಾಹೂಗೆ ಕೊಟ್ಟು ಗೂಗಲ್ ಆ ವ್ಯಾಜ್ಯವನ್ನು ಮುಗಿಸಿಕೊಂಡಿತು. ಪೇಟೆಗೆ ಇಳಿಯುವ ಕಂಪನಿಯ ತಲೆಯ ಮೇಲೆ ಮೊಕದ್ದಮೆ ತೂಗುತ್ತಿದ್ದರೆ ಚೌಕಾಸಿಯಲ್ಲಿ ಯಾರ ಕೈ ಮೇಲಾಗುತ್ತದೆ ಎಂಬುದಕ್ಕೆ ನಿಮ್ಮ ಸೆಮಿನಾರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹರಾಜಿನ ವಿಷಯ ಉಳಿಯಿತು. 135ರ ಕನಸು ಕಂಡು 85ಕ್ಕೆ ಇಳಿದದ್ದನ್ನು ಸೋಲೆನ್ನದೆ ಬೇರೇನೆಂದು ಕರೆಯುವುದು?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಪದ್ಧತಿಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದೊಂದು ಲಾಟನ್ನೂ ಹೆಚ್ಚು ಕೂಗಿದವರು ತಾವು ಕೂಗಿದ ಬೆಲೆಗೇ ಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬರೂ ಎಷ್ಟು ಷೇರು, ಯಾವ ಬೆಲೆಗೆ ಎಂದು ಬಿಡ್ ಸಲ್ಲಿಸುತ್ತಾರೆ. ಅವನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿಕೊಂಡು, ಎಲ್ಲ ಷೇರುಗಳೂ ಖರ್ಚಾಗುವ ಬೆಲೆ ಯಾವುದೆಂದು ನೋಡುತ್ತಾರೆ. ಅದಕ್ಕಿಂತ ಮೇಲೆ ಬಿಡ್ ಮಾಡಿದವರೂ ಕೊಡುವುದು ಒಂದೇ ಬೆಲೆ. ಪತ್ರಿಕೆಗಳು ಇದನ್ನು ಡಚ್ ಹರಾಜು ಎಂದು ಕರೆದವು. ಹಾಲೆಂಡಿನ ಹೂವಿನ ಪೇಟೆಯ ಹರಾಜಿನಲ್ಲಿ ಬೆಲೆ ಇಳಿಯುತ್ತಾ ಬಂದು ಮೊದಲು ತಡೆದವರ ಪಾಲಾಗುತ್ತದೆ, ಆದ್ದರಿಂದ ಆ ಹೆಸರು ಅಷ್ಟು ಸರಿಯಲ್ಲ. ಗೂಗಲ್‌ನ ಸಂದರ್ಭದಲ್ಲಿ ಕನಿಷ್ಠ ಐದು ಷೇರುಗಳಿಗೂ ಬಿಡ್ ಸಲ್ಲಿಸಬಹುದಾಗಿತ್ತು.

ಸೋಲು ಎನ್ನುವಾಗ ಯಾರ ಸೋಲು ಎಂದು ಕೇಳಬೇಕು. 1996ರಲ್ಲಿ ಯಾಹೂ 13 ಡಾಲರಿಗೆ ಮಾರಿದ ಷೇರು ಅದೇ ಸಂಜೆ 33 ಡಾಲರ್ ತಲುಪಿತು. 2005ರ ಆಗಸ್ಟ್ 5ರಂದು ಚೀನಾದ ಸರ್ಚ್ ಎಂಜಿನ್ ಬೈದು 27 ಡಾಲರಿಗೆ ಮಾರಿದ್ದು 122.54ಕ್ಕೆ ಮುಗಿಯಿತು, ಅಂದರೆ ಮಾರಿದವರ ಕೈಗೆ ಬಂದದ್ದು ಸುಮಾರು 10.9 ಕೋಟಿ ಡಾಲರ್, ಆ ಷೇರುಗಳ ಬೆಲೆ ಸಂಜೆಗೆ 49 ಕೋಟಿ ದಾಟಿತ್ತು. ಆ ವ್ಯತ್ಯಾಸವೆಲ್ಲ ಹಂಚಿಕೆ ಸಿಕ್ಕಿದ ಅದೃಷ್ಟವಂತರ ಪಾಲು. ಪತ್ರಿಕೆಗಳು ಇಂಥದ್ದನ್ನು ಭರ್ಜರಿ ಯಶಸ್ಸು ಎನ್ನುತ್ತವೆ! ಗೂಗಲ್ 85ಕ್ಕೆ ಮಾರಿದ್ದು ಮೊದಲ ದಿನ 100.34ಕ್ಕೆ ನಿಂತಿತು. ಏರಿಕೆ ಶೇ 18. ಸಂಗ್ರಹವಾದ 167 ಕೋಟಿಗೆ ಹೋಲಿಸಿದರೆ ಕೈತಪ್ಪಿದ್ದು ಸುಮಾರು 30 ಕೋಟಿ. ಕಂಪನಿಯ ದೃಷ್ಟಿಯಿಂದ ಹರಾಜು ತನ್ನ ಕೆಲಸ ಮಾಡಿದೆ.

ಉತ್ತರ: ಜಾಹೀರಾತು ತಂತ್ರಾಂಶದಲ್ಲಿ ಕೆಲಸ ಮಾಡಿದವ, ಬೆಂಗಳೂರು

ಹಿರಿಯರ ಲೆಕ್ಕವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಬೆಲೆ ಶ್ರೇಣಿ ಇಳಿಸಿದ ದಿನವೇ ಮಾರುವ ಷೇರುಗಳ ಸಂಖ್ಯೆಯನ್ನೂ ಸುಮಾರು 2.57 ಕೋಟಿಯಿಂದ 1.96 ಕೋಟಿಗೆ ಇಳಿಸಿದರು. ಹಾಗೆ ಕಡಿಮೆ ಮಾಡದಿದ್ದರೆ 85 ಕೂಡ ಸಿಗುತ್ತಿತ್ತೇ ಎಂಬ ಅನುಮಾನ ನನಗಿದೆ. ಬೇಡಿಕೆ ತಗ್ಗಿದ್ದಕ್ಕೆ ಪದ್ಧತಿಯೊಂದೇ ಕಾರಣವಲ್ಲ. ಸ್ಥಾಪಕರ ಸಂದರ್ಶನವೊಂದು ಐಪಿಒಗೆ ಮುನ್ನ ಕಂಪನಿ ಮೌನ ಪಾಲಿಸಬೇಕಾದ ಅವಧಿಯಲ್ಲೇ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ಅದನ್ನು ಪ್ರಾಸ್ಪೆಕ್ಟಸ್‌ಗೆ (ಹೂಡಿಕೆದಾರರಿಗೆ ಕೊಡುವ ವಿವರಪತ್ರ) ಲಗತ್ತಿಸಬೇಕಾಗಿ ಬಂತು. ಸ್ಥಾಪಕರ ಷೇರಿಗೆ ಹತ್ತು ಮತ, ಪೇಟೆಯಲ್ಲಿ ಕೊಂಡವರ ಷೇರಿಗೆ ಒಂದು ಮತ ಎಂಬ ವ್ಯವಸ್ಥೆಯೂ ದೊಡ್ಡ ಹೂಡಿಕೆದಾರರಿಗೆ ಹಿಡಿಸಲಿಲ್ಲ.

ಇನ್ನೊಂದು ಸಂಗತಿ. 2005ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತೆ 14,159,265 ಷೇರುಗಳನ್ನು ತಲಾ 295 ಡಾಲರಿನಂತೆ ಮಾರಿತು. ಈ ಸಲ ಷೇರುಗಳ ಸಂಖ್ಯೆಯಲ್ಲಿ ಪೈನ (3.14159265...) ದಶಮಾಂಶಗಳಿದ್ದವು, ಹರಾಜು ಇರಲಿಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಆಗ ಹರಾಜಿನ ಅಗತ್ಯವೂ ಇರಲಿಲ್ಲವಲ್ಲ! ಒಂದು ವರ್ಷದಿಂದ ಪೇಟೆಯೇ ಪ್ರತಿದಿನ ಬೆಲೆ ಕೂಗುತ್ತಿತ್ತು.