ಒಂದೇ ಕಚ್ಚಾ ತೈಲ, ಎರಡು ಪೋರ್ ಪಾಯಿಂಟ್! ತಪ್ಪು ಎಲ್ಲಿ?

ಮೇಣದಬತ್ತಿ:
ಎಂ.ಟೆಕ್ ಪ್ರಾಜೆಕ್ಟಿಗೆ ಮೇಣ ಜಾಸ್ತಿ ಇರುವ ಕಚ್ಚಾ ತೈಲದ ಪೋರ್ ಪಾಯಿಂಟ್, ಅಂದರೆ ತಣಿಸಿದಾಗ ಎಣ್ಣೆ ಇನ್ನೂ ಹರಿಯುವ ಕನಿಷ್ಠ ಉಷ್ಣತೆ, ಪರೀಕ್ಷಿಸುತ್ತಿದ್ದೇನೆ. ಜಾರನ್ನು ತಣಿಸುತ್ತಾ 3 ಡಿಗ್ರಿಗೊಮ್ಮೆ ವಾಲಿಸಿ ನೋಡುತ್ತೇನೆ. ಅಡ್ಡ ಹಿಡಿದು 5 ಸೆಕೆಂಡ್ ಆದರೂ ಎಣ್ಣೆ ಅಲುಗದಿದ್ದರೆ, ಆ ಉಷ್ಣತೆಗೆ 3 ಸೇರಿಸಿ ಬರೆದುಕೊಳ್ಳುತ್ತೇನೆ. ಸೋಮವಾರ 36 ಬಂತು. ಅದೇ ಬಾಟಲಿಯ ಎಣ್ಣೆಗೆ ಬುಧವಾರ 42. ಥರ್ಮಾಮೀಟರ್ ಸರಿಯಾಗಿದೆ.

ಹಳೇ ಲ್ಯಾಬ್:
ತಣಿಸುವ ಮೊದಲು ಎಷ್ಟಕ್ಕೆ ಬಿಸಿ ಮಾಡಿದಿರಿ?

ಮೇಣದಬತ್ತಿ:
ಸೋಮವಾರ 80. ಬುಧವಾರ ಅವಸರವಿತ್ತು, 50ಕ್ಕೇ ನಿಲ್ಲಿಸಿದೆ. ಎಣ್ಣೆ ಚೆನ್ನಾಗಿಯೇ ಹರಿಯುತ್ತಿತ್ತು.

ಹಳೇ ಲ್ಯಾಬ್:
ಅದೇ ಕಾರಣ ಇರಬೇಕು. ಹರಿಯಿತು ಅಂದಮಾತ್ರಕ್ಕೆ ಮೇಣ ಪೂರ್ತಿ ಕರಗಿತು ಅಂತಲ್ಲ. ಉಳಿದ ಸಣ್ಣ ಹರಳುಗಳ ಮೇಲೆ ಹೊಸದು ಬೆಳೆಯುತ್ತದೆ, ಬೇಗ ಬಲೆ ಕಟ್ಟುತ್ತದೆ. ನೂರಕ್ಕೆ ಎರಡು ಭಾಗ ಮೇಣ ಹರಳಾದರೂ ಸಾಕು, ಉಳಿದ ಎಣ್ಣೆಯೆಲ್ಲ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಕಚ್ಚಾ ತೈಲಕ್ಕೆ ಮೇಲಿನದು, ಕೆಳಗಿನದು ಅಂತ ಎರಡು ಪೋರ್ ಪಾಯಿಂಟ್ ಕೊಡುವುದು ಇದಕ್ಕೇ. ಪ್ರತಿ ಸಲ ಮುಚ್ಚಿದ ಪಾತ್ರೆಯಲ್ಲೇ 80ಕ್ಕೆ ಬಿಸಿ ಮಾಡಿ. ತೆರೆದಿಟ್ಟರೆ ಹಗುರ ಅಂಶ ಹಾರಿಹೋಗುತ್ತದೆ, ಆಗ ಅದು ಬೇರೆಯೇ ಎಣ್ಣೆ.

ರಿಯೋಮೀಟರ್ (ಎರಡು ತಟ್ಟೆಗಳ ನಡುವೆ ಎಣ್ಣೆ ಇಟ್ಟು, ಒಂದನ್ನು ತಿರುಗಿಸಿ ಅದರ ಗಟ್ಟಿತನ ಅಳೆಯುವ ಉಪಕರಣ) ಸಿಕ್ಕರೆ ಬಿಡಬೇಡಿ. ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ತಟ್ಟೆಯನ್ನು ತೀರಾ ಸ್ವಲ್ಪ ಮಾತ್ರ ಆಡಿಸಿ. ಜೋರಾಗಿ ತಿರುಗಿಸಿದರೆ ಕಟ್ಟುತ್ತಿರುವ ಬಲೆಯನ್ನು ನೀವೇ ಹರಿದ ಹಾಗೆ. ಒಂದು ಸಲ ನನಗೆ ಯೀಲ್ಡ್ ಸ್ಟ್ರೆಸ್, ಅಂದರೆ ಗಟ್ಟಿ ಕಟ್ಟಿದ ಎಣ್ಣೆ ಮುರಿದು ಹರಿಯಲು ಬೇಕಾದ ಒತ್ತಡ, ತುಂಬಾ ಕಡಿಮೆ ಬಂತು. ಮೇಲಿನ ತಟ್ಟೆ ಎತ್ತಿ ನೋಡಿದೆ: ಕೆಳಗೆ ಎಣ್ಣೆ ಬಿಲ್ಲೆಯ ಹಾಗೆ ಇಡಿಯಾಗಿ ಕೂತಿತ್ತು, ತಟ್ಟೆ ಫಳಫಳ ಹೊಳೆಯುತ್ತಿತ್ತು. ಎಣ್ಣೆ ಮುರಿದೇ ಇರಲಿಲ್ಲ, ಸುಮ್ನೆ ತಟ್ಟೆ ಜಾರಿತ್ತು. ತಣಿದಾಗ ಎಣ್ಣೆ ಕುಗ್ಗಿ ತಟ್ಟೆಯಿಂದ ಬಿಡುತ್ತದೆ ಅಲ್ವಾ? ಅಂದಿನಿಂದ ತರಿತರಿ ತಟ್ಟೆಯನ್ನೇ ಹಾಕುತ್ತೇನೆ.

ಪೈಪ್‌ಲೈನ್ ಕಡೆಯವ:
ನಮಗೆ ಆ ಯೀಲ್ಡ್ ಸ್ಟ್ರೆಸ್ಸೇ ಮುಖ್ಯ. ಅರ್ಧ ಮೀಟರ್ ಒಳವ್ಯಾಸ, 10 ಕಿಲೋಮೀಟರ್ ಉದ್ದದ ಪೈಪ್ ಅಂದುಕೊಳ್ಳಿ. ಗಟ್ಟಿ ಕಟ್ಟಿದ ಎಣ್ಣೆಯ ಯೀಲ್ಡ್ ಸ್ಟ್ರೆಸ್ 50 ಪಾಸ್ಕಲ್ ಇದ್ದರೆ ಮತ್ತೆ ಕದಲಿಸಲು 40 ಬಾರ್ ಒತ್ತಡ ಬೇಕು. ರಾಜಸ್ಥಾನದ ಬಾರ್ಮೇರಿನಿಂದ ಗುಜರಾತ್ ಕರಾವಳಿಗೆ ಹೋಗುವ ಪೈಪನ್ನು ದಾರಿಯುದ್ದಕ್ಕೂ ಸುಮಾರು 65 ಡಿಗ್ರಿಯಲ್ಲಿ ಇಡುತ್ತಾರೆ. ಹಾಗೆ ಇಡದಿದ್ದರೆ ಆ ಎಣ್ಣೆ ದಾರಿಯಲ್ಲೇ ಗಟ್ಟಿ ಕಟ್ಟಬಹುದು. ದಯವಿಟ್ಟು ಎಷ್ಟು ಹೊತ್ತು ಅಲುಗಾಡಿಸದೆ ಇಟ್ಟಿರಿ ಅಂತಲೂ ಬರೆಯಿರಿ. ಹೊತ್ತು ಹೋದಷ್ಟೂ ಗಟ್ಟಿಯಾಗುತ್ತದೆ.

ಮೇಣದಬತ್ತಿ:
ಇವತ್ತು ಮೂರು ಜಾರನ್ನೂ 80ಕ್ಕೆ ಬಿಸಿ ಮಾಡಿದೆ. 36, 36, 36. ಹಳೇ ಲ್ಯಾಬ್ ಸರ್, ತುಂಬಾ ಥ್ಯಾಂಕ್ಸ್. ತರಿತರಿ ತಟ್ಟೆ ಪಕ್ಕದ ವಿಭಾಗದಲ್ಲಿದೆಯಂತೆ, ನಾಳೆ ಹೋಗಿ ಕೇಳುತ್ತೇನೆ.